ಕಮ್ಯುನಿಸ್ಟ್ ಗಿಡ: ತೋಟಕ್ಕೆ ಸೊಪ್ಪೋ, ಬುಡಸಮೇತ ಕೀಳಬೇಕಾದ ಕಳೆಯೋ?

ಕುಂದಾಪುರದಿಂದ ತಲಪಾಡಿವರೆಗೆ ಹೆದ್ದಾರಿ 66ಕ್ಕಾಗಿ ಗುಡ್ಡ ಕಡಿದ ಕಡೆ, ಕೊಂಕಣ ರೈಲು ಹಳಿಯ ಇಕ್ಕೆಲ, ಪಾಳುಬಿದ್ದ ಮುರಕಲ್ಲು ಕೋರೆಯ ಅಂಚು, ಎಲ್ಲಿ ಕೆಂಪು ಮಣ್ಣು ಬಿಸಿಲಿಗೆ ಬಿತ್ತೋ ಅಲ್ಲಿ ಈ ಪೊದೆ ಹಾಜರು. ಎಲೆ ಹೊಸಕಿದರೆ ಮೂಗಿಗೆ ಹೊಡೆಯುವ ಘಾಟು, ಎಲೆಯ ಬುಡದಿಂದ ತ್ರಿಶೂಲದಂತೆ ಹೊರಡುವ ಮೂರು ನರ, ದೀಪಾವಳಿ ಕಳೆದ ಮೇಲೆ ತುದಿತುಂಬ ನಸುನೇರಳೆ ಛಾಯೆಯ ಬಿಳಿ ಹೂಗೊಂಚಲು. ಸಸ್ಯಶಾಸ್ತ್ರದಲ್ಲಿ ಇದು ಕ್ರೊಮೊಲೀನಾ ಓಡೊರೇಟ. 1970ಕ್ಕೆ ಮೊದಲು ಯುಪಟೋರಿಯಂ ಎಂದಿತ್ತು, ಘಟ್ಟದ ಮೇಲಿನವರು ಈಗಲೂ ಹಾಗೆಯೇ ಕರೆಯುತ್ತಾರೆ. ಅಮೆರಿಕದ ಉಷ್ಣವಲಯದ ಈ ಗಿಡ 19ನೇ ಶತಮಾನದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ದಾರಿಯಾಗಿ ಭಾರತಕ್ಕೆ ಬಂತು. ಇದನ್ನು ಕೊಯ್ದು ತೋಟಕ್ಕೆ ಗೊಬ್ಬರದ ಸೊಪ್ಪಾಗಿ ಬಳಸುವುದು ಸರಿಯೇ?

ಪರ: ಹೂವಿಗೆ ಮೊದಲು ಕೊಯ್ಯಿರಿ, ಅಡಿಕೆ ಬುಡಕ್ಕೆ ಹಾಕಿ

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕೆ.ಜಿ. ಹಸಿಸೊಪ್ಪು, 12 ಕೆ.ಜಿ. ಹಟ್ಟಿಗೊಬ್ಬರ ಎನ್ನುವುದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಶಿಫಾರಸು. ಒಂಬತ್ತು ಅಡಿ ಅಂತರದ ಎಕರೆ ತೋಟದಲ್ಲಿ ಸುಮಾರು 540 ಮರ. ಅಂದರೆ ಆರೂವರೆ ಟನ್ ಸೊಪ್ಪು ಬೇಕು. ಎಲ್ಲಿಂದ ತರುವುದು? ಸೊಪ್ಪು ಕಡಿಯಲು ಹಕ್ಕಿದ್ದ, ತೋಟದಂಚಿನ ಸರಕಾರಿ ಕುಮ್ಕಿ ಗುಡ್ಡವೆಲ್ಲ ರಬ್ಬರಾಯಿತು. ಮರುವ, ಮತ್ತಿಯ ಗೆಲ್ಲು ಹತ್ತಿ ಸವರುವವರು ಸಿಗುವುದಿಲ್ಲ, ಸಿಕ್ಕರೂ ಸಂಬಳ ಕೊಟ್ಟು ಪೂರೈಸುವುದಿಲ್ಲ. ತೋಟದ ಬೇಲಿಯಾಚೆಯೇ ಸೊಂಟದೆತ್ತರ ನಿಂತ ಸೊಪ್ಪನ್ನು ಕಳೆ ಎಂದು ಬೈಯುತ್ತ, ಪೇಟೆಯಿಂದ ಚೀಲದ ಗೊಬ್ಬರ ಹೊತ್ತು ತರುವುದರಲ್ಲಿ ಅರ್ಥವಿಲ್ಲ.

ಸತ್ವದಲ್ಲಿ ಇದು ಕಡಿಮೆಯದಲ್ಲ. 12 ಕೆ.ಜಿ. ಹಸಿಸೊಪ್ಪು ಒಣಗಿದರೆ ಎರಡೂವರೆ, ಮೂರು ಕೆ.ಜಿ. ಉಳಿಯುತ್ತದೆ. ಎಳೆಕಾಂಡವೂ ಸೇರಿದೆಯೆಂದು ಸಾರಜನಕವನ್ನು ಶೇ. 2ಕ್ಕೆ ಇಳಿಸಿ ಹಿಡಿದರೂ 50-60 ಗ್ರಾಂ ಆಯಿತು. ಮರಕ್ಕೆ ಶಿಫಾರಸಾದ 100 ಗ್ರಾಮಿನ ಅರ್ಧ ಅಲ್ಲಿಗೇ ಬಂತು. ಅದೂ ಒಂದೇ ಮಳೆಗೆ ತೊಳೆದು ಹೋಗದೆ ನಿಧಾನವಾಗಿ ಸಿಗುತ್ತದೆ.

ಮುಖ್ಯ ಪ್ರಶ್ನೆ ಯಾವಾಗ ಕೊಯ್ಯಬೇಕು ಎಂಬುದು. ಮೊದಲ ಕೊಯ್ಲು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್), ಕಾಂಡ ಇನ್ನೂ ಬೆರಳಲ್ಲಿ ಮುರಿಯುವಷ್ಟು ಎಳೆಯದಿರುವಾಗ. ಚಿಗುರಿದ್ದನ್ನು ಎರಡನೆಯ ಸಲ ನವರಾತ್ರಿಯೊಳಗೆ. ಮೊಗ್ಗು ಕಂಡ ಮೇಲೆ ತೋಟಕ್ಕೆ ತರಲೇಬಾರದು. ಬೀಜ ಕಟ್ಟಿದ ತಲೆಗಳು ಸೊಪ್ಪಿನ ಜೊತೆ ಬಂದರೆ ಮುಂದಿನ ಮಳೆಗೆ ತೋಟದ ಅಂಚಿನಲ್ಲೇ ಸಸಿಮಡಿ ಎದ್ದಿರುತ್ತದೆ. ‘ಸೊಪ್ಪು ಹಾಕಿ ಕಳೆ ತಂದುಕೊಂಡೆವು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಡಿಸೆಂಬರಿನ ಸೊಪ್ಪು.

ಬುಡಕ್ಕೆ ಹಾಕುವಾಗ ಕಾಂಡದಿಂದ ಒಂದು ಅಡಿ ಬಿಟ್ಟು, ಅರ್ಧ ಅಡಿ ದಪ್ಪಕ್ಕೆ ಹರಡಿ, ಮೇಲೆ ಹಟ್ಟಿಗೊಬ್ಬರ, ಅದರ ಮೇಲೆ ತೆಳ್ಳಗೆ ಮಣ್ಣು. ಮರಕ್ಕೆ ಒತ್ತಿ ಹಾಕಿದರೆ ಮಳೆಗಾಲದಲ್ಲಿ ಬುಡದಲ್ಲಿ ನೀರು ಹಿಡಿದು ಕೊಳೆಗೆ ದಾರಿ. ಪೆನ್ಸಿಲಿಗಿಂತ ದಪ್ಪದ ಕಾಂಡವನ್ನು ಬೇರೆಮಾಡಿ ಕಾಂಪೋಸ್ಟಿಗೆ ಹಾಕಬೇಕು. ನಾಲ್ಕು ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ಉಡುಪಿಯಲ್ಲಿ ಹೊಂಡ ತೆಗೆದು ಕಾಂಪೋಸ್ಟ್ ಮಾಡಲು ಹೋಗಬೇಡಿ. ಹೊಂಡ ಕೆರೆಯಾಗುತ್ತದೆ, ಸೊಪ್ಪು ಕೊಳೆತು ನಾರುತ್ತದೆಯೇ ಹೊರತು ಗೊಬ್ಬರವಾಗುವುದಿಲ್ಲ. ನೆಲದ ಮೇಲೆಯೇ ಐದಡಿ ಅಗಲ, ನಾಲ್ಕಡಿ ಎತ್ತರದ ರಾಶಿ. ಕತ್ತರಿಸಿದ ಸೊಪ್ಪು ಅರ್ಧ ಅಡಿ, ಅದರ ಮೇಲೆ ಸೆಗಣಿ ಕದಡಿದ ನೀರು, ಮತ್ತೆ ಸೊಪ್ಪು, ಹೀಗೆ ಏರಿಸಿ ಮೇಲೆ ಸೋಗೆ ಹೊದೆಸಿ. ತಿಂಗಳಿಗೊಮ್ಮೆ ಮಗುಚಿದರೆ ಮೂರು, ಮೂರೂವರೆ ತಿಂಗಳಲ್ಲಿ ಕಪ್ಪು ಗೊಬ್ಬರ.

ಹೆದ್ದಾರಿಯ ಅಂಚಿನ ಪೊದೆಗೆ ಮಾತ್ರ ಕೈ ಹಾಕಬೇಡಿ: ಬಾಟಲಿ ಚೂರು, ಪ್ಲಾಸ್ಟಿಕ್, ಎಣ್ಣೆಮಸಿ. ಒಳದಾರಿಯದ್ದು ಸಾಕಷ್ಟಿದೆ. ಹೂವಿನ ಕಾಲದಲ್ಲಿ ಬ್ಲೂ ಟೈಗರ್ ಚಿಟ್ಟೆಗಳು ಇದನ್ನು ಮುತ್ತುತ್ತವೆ, ಅದನ್ನೂ ಉಪಯೋಗದ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ನಮ್ಮ ವಾದಕ್ಕೆ ಅದು ಬೇಡ. ಚಿಟ್ಟೆಗಾಗಿ ಹೂ ಬಿಡಿಸುವುದೆಂದರೆ ಬೀಜ ಹಾರಿಸುವುದು.

ವಿರೋಧ: ಕೊಯ್ದಷ್ಟೂ ಬೆಳೆಸಿದಂತೆ

ಆಟಿಯಲ್ಲೊಮ್ಮೆ, ನವರಾತ್ರಿಗೊಮ್ಮೆ ಎಂಬ ಪಂಚಾಂಗ ಕೇಳಲು ಚಂದ. ನಡೆಯುವುದು ಹೀಗೆ: ಮೊದಲ ಕೊಯ್ಲು ಆಗುತ್ತದೆ, ಎರಡನೆಯದಕ್ಕೆ ಅಡಿಕೆಗೆ ಕೊಳೆರೋಗದ ಬೋರ್ಡೋ ಮದ್ದು ಹೊಡೆಯುವುದು, ಗದ್ದೆ ಕಟಾವು ಅಡ್ಡ ಬರುತ್ತದೆ. ಅಷ್ಟರಲ್ಲಿ ಒಂದು ಕಾಂಡವಿದ್ದಲ್ಲಿ ಐದಾರು ಚಿಗುರು ಎದ್ದಿರುತ್ತವೆ. ಕತ್ತಿ ತಾಗುವುದು ಕಾಂಡಕ್ಕೆ. ಜೀವ ಇರುವುದು ಮಣ್ಣಿನ ಮಟ್ಟದ ಬೇರುಗಡ್ಡೆಯಲ್ಲಿ. ಮಳೆ ಬಿಟ್ಟಾಗ ರಸ್ತೆಬದಿಯನ್ನು ಯಂತ್ರದಲ್ಲಿ ಸವರಿಸಿದ ಕಡೆ ಮರುವರ್ಷ ನೋಡಿ, ಪೊದೆ ಇನ್ನಷ್ಟು ದಟ್ಟ.

ದೊಡ್ಡ ಪೊದೆಯೊಂದು ಹತ್ತಾರು ಸಾವಿರ ಬೀಜ ಕೊಡುತ್ತದೆ. ಅರ್ಧ ಸೆಂಟಿಮೀಟರಿನಷ್ಟು ಉದ್ದದ ಬೀಜಕ್ಕೆ ತುದಿಯಲ್ಲಿ ಕೂದಲಿನ ಕೊಡೆ, ಮೈಯಲ್ಲಿ ಸಣ್ಣ ಮುಳ್ಳು. ಗಾಳಿಯಲ್ಲಿ ಹಾರುತ್ತದೆ, ಬಟ್ಟೆಗೂ ದನದ ಮೈಗೂ ಅಂಟುತ್ತದೆ. ಇದರ ಮೇಲೆ ಟಿಪ್ಪರ್ ಬೇರೆ: ಒಂದೂರಿನ ಗುಡ್ಡದ ಕೆಂಪುಮಣ್ಣು ಇನ್ನೊಂದೂರಿನ ಸೈಟಿಗೆ ಹೋಗುವಾಗ ಬೀಜವೂ ಹೋಗುತ್ತದೆ. ಹೊಸ ಬಡಾವಣೆಗಳಲ್ಲಿ ಈ ಗಿಡ ಮೊದಲು ಏಳುವುದು ತಂದು ಸುರಿದ ಮಣ್ಣಿನ ರಾಶಿಯ ಮೇಲೆಯೇ.

ಸೊಪ್ಪಿನ ಲಾಭ ಲೆಕ್ಕ ಹಾಕುವವರು ಬೇಸಿಗೆಯ ನಷ್ಟ ಬರೆಯುವುದಿಲ್ಲ. ಫೆಬ್ರವರಿಯಿಂದ ಕಾಂಡ ಒಣಗಿ ಕಡ್ಡಿಯಾಗುತ್ತದೆ. ಗೇರು ಗುಡ್ಡದಲ್ಲಿ ಈ ಪೊದೆ ಮರದ ಕೆಳಗಿನ ಗೆಲ್ಲಿಗೆ ಹತ್ತಿ ನಿಂತಿದ್ದರೆ ಒಂದು ಬೀಡಿಯ ತುಂಡು ಸಾಕು, ನೆಲದ ಬೆಂಕಿ ಮರದ ತಲೆಗೆ ಏರುತ್ತದೆ. ಗೇರು ಸುಡುತ್ತದೆ, ಬೇರುಗಡ್ಡೆ ಉಳಿಯುತ್ತದೆ, ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಮುಳಿಹುಲ್ಲು ಬೆಳೆಯುತ್ತಿದ್ದ ಗುಡ್ಡದ ಇಳಿಜಾರು ಹೀಗೆಯೇ ಪೊದೆಯಾದವು. ದನಕ್ಕೆ ಅಲ್ಲಿ ಮೇವಿಲ್ಲ. ಇದರ ಎಳೆ ಎಲೆಯಲ್ಲಿ ನೈಟ್ರೇಟ್ ಹೆಚ್ಚು, ಹಸಿದು ತಿಂದರೆ ವಿಷ. ಕತ್ತಿ ತಾಗಿದ ಗಾಯಕ್ಕೆ ರಸ ಹಿಂಡುವ ರೂಢಿ ಇದೆ, ಅದು ಮೈಮೇಲಿನ ಮಾತು. ಕಷಾಯ ಮಾಡಿ ಕುಡಿಯುವ ಸಲಹೆಗಳು ಈಚೆಗೆ ಮೊಬೈಲಿನಲ್ಲಿ ಓಡಾಡುತ್ತವೆ; ಯಕೃತ್ತಿಗೆ ಕೇಡು ಮಾಡುವ ಆಲ್ಕಲಾಯ್ಡುಗಳಿರುವ ಗಿಡವಿದು, ಕುಡಿಯಬೇಡಿ.

ಕೀಳುವುದು ಅಷ್ಟು ಕಷ್ಟವೂ ಅಲ್ಲ. ಬೇರು ಆಳಕ್ಕಿಳಿಯುವುದಿಲ್ಲ, ಹೆಚ್ಚೆಂದರೆ ಒಂದಡಿ. ಜೂನ್, ಜುಲೈಯಲ್ಲಿ ಗೇಣುದ್ದದ ಸಸಿಯನ್ನು ಕೈಯಲ್ಲೇ ಎಳೆಯಬಹುದು. ಹಳೆಯ ಪೊದೆಗೆ ಮಣ್ಣು ಮೆತ್ತಗಿರುವ ಸೆಪ್ಟೆಂಬರಿನೊಳಗೆ, ಮೊದಲು ಮೊಣಕಾಲೆತ್ತರಕ್ಕೆ ಸವರಿ, ಉಳಿದ ಕಾಂಡವನ್ನೇ ಹಿಡಿಯಾಗಿಸಿ, ಪಿಕ್ಕಾಸಿನಿಂದ ಬುಡ ಎಬ್ಬಿಸಬೇಕು. ಗಡ್ಡೆ ತುಂಡಾಗಿ ಉಳಿದರೆ ಕೆಲಸ ಅರ್ಧವೇ. ಕಿತ್ತದ್ದನ್ನು ಒದ್ದೆ ನೆಲದಲ್ಲಿ ಎಸೆದರೆ ಗೆಣ್ಣಿನಿಂದ ಬೇರು ಬಿಡುವುದುಂಟು. ಮಣ್ಣು ಕೊಡವಿ, ಬೇರು ಮೇಲಾಗಿ ಬಂಡೆಯ ಮೇಲೋ ಬೇಲಿಯ ಮೇಲೋ ಹಾಕಿ. ಮದ್ದು ಹೊಡೆಯುವ ಯೋಚನೆ ರಸ್ತೆಬದಿಗೆ ಬೇಡವೇ ಬೇಡ, ಚರಂಡಿಯ ನೀರು ಗದ್ದೆಗೂ ಬಾವಿಗೂ ಇಳಿಯುತ್ತದೆ.

ಹೆಚ್ಚಿನ ಕಡೆ ಸೋಲುವುದು ಕಿತ್ತ ಮೇಲೆ. ನೆಲ ಬೋಳು ಬಿಟ್ಟರೆ ಬೆಳಕು ಬಿದ್ದು, ಮಣ್ಣಲ್ಲಿದ್ದ ಬೀಜ ಏಳುತ್ತದೆ. ಈ ಗಿಡಕ್ಕೆ ದಟ್ಟ ನೆರಳು ಆಗದು. ಆದ್ದರಿಂದ ಕಳೆ ಕಿತ್ತ ಮಳೆಗಾಲದಲ್ಲೇ ಮೂರಡಿ ಉದ್ದದ, ಹೆಬ್ಬೆರಳಿಗಿಂತ ದಪ್ಪದ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಗೂಟಗಳನ್ನು ಎರಡೆರಡು ಅಡಿಗೆ ಊರಿ. ತೋಟಕ್ಕೆ ಬೇಕಾದ ಸೊಪ್ಪು ಎರಡನೆಯ ವರ್ಷದಿಂದ ಅದರಲ್ಲೇ ಸಿಗುತ್ತದೆ, ಗೆಲ್ಲು ಸವರಿದಷ್ಟೂ ಬರುತ್ತದೆ, ಬೀಜ ಹಾರಿ ನೆರೆಯವನ ಗುಡ್ಡಕ್ಕೆ ಹೋಗುವುದಿಲ್ಲ. ಗೂಟದ ಸಾಲಿನ ನಡುವೆ ಏಳುವ ಸಸಿಗಳನ್ನು ಮೂರು ಮಳೆಗಾಲ ಬಿಡದೆ ಕೀಳಬೇಕು.