ತಟ್ಟೆಯಲ್ಲಿದ್ದದ್ದು ಬೇರೆಯೇ ಸೊಳ್ಳೆ

ನಿನ್ನೆ ಮಂಗಳೂರಿನ ಕಾಲೇಜೊಂದರ ವಿಜ್ಞಾನ ಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಅಲ್ಲಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ‘ಲಕ್ಕಿ ಸೊಪ್ಪಿನಿಂದ ಮಲೇರಿಯಾ ನಿಯಂತ್ರಣ’ ಎಂಬ ಫಲಕದ ಮುಂದೆ ಅತಿಥಿಗಳು ಚಪ್ಪಾಳೆ ತಟ್ಟಿ, ರಾಸಾಯನಿಕಗಳ ಕಾಲ ಮುಗಿಯಿತೆಂದು ಸಾರಿಯೂ ಬಿಟ್ಟರು. ನಾನು ಬಗ್ಗಿ ತಟ್ಟೆಯನ್ನು ನೋಡಿದೆ. ಸೊಳ್ಳೆಯ ಮರಿಹುಳುಗಳು ಬಾಲದ ತುದಿಯ ಉಸಿರುಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ, ತಲೆ ಕೆಳಗಾಗಿ ಓರೆಯಾಗಿ ತೂಗುತ್ತಿದ್ದವು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಮರಿಗೆ ಆ ಕೊಳವೆಯೇ ಇಲ್ಲ. ಅದು ಕಡ್ಡಿ ತೇಲಿದಂತೆ ನೀರಿನ ಮೇಲೆ ಅಡ್ಡಲಾಗಿ ಮಲಗಿರುತ್ತದೆ. ತಟ್ಟೆಯಲ್ಲಿದ್ದದ್ದು ಚರಂಡಿಯಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ.

ಆ ಪ್ರಯೋಗ ಮಾಡಿದ ಹುಡುಗಿಯನ್ನು ದೂರಲಾರೆ, ಏಕೆಂದರೆ ಹನ್ನೆರಡು ವರ್ಷಗಳ ಹಿಂದೆ ನಾನೂ ಇಂಥದ್ದೇ ಒಂದು ಪ್ರಬಂಧ ಬರೆದವನು. ಮೆಥನಾಲಿನಲ್ಲಿ ಎಲೆಯ ಸಾರ ತೆಗೆದು, ಒಂದೊಂದು ಲೋಟಕ್ಕೆ 25 ಮರಿಗಳಂತೆ ಬಿಟ್ಟು, 24 ಗಂಟೆಗಳ ನಂತರ ಸತ್ತವುಗಳನ್ನು ಎಣಿಸಿದೆ. ಮೂರನೆಯ ದಿನ ಅದೇ ನೀರಿಗೆ ಹೊಸ ಮರಿಗಳನ್ನು ಬಿಟ್ಟರೆ ಏನಾಗುತ್ತದೆಂದು ನಾನು ನೋಡಲಿಲ್ಲ, ಯಾರೂ ಕೇಳಲೂ ಇಲ್ಲ. ನನಗೆ ಬಡ್ತಿ ಸಿಕ್ಕಿತು. ಸೊಳ್ಳೆಗಳಿಗೆ ಏನೂ ಆಗಲಿಲ್ಲ.

ನಮ್ಮ ಊರಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಜಾತಿ ಮೊಟ್ಟೆಯಿಡುವುದು ಮನೆಯ ಮೇಲಿನ ಟ್ಯಾಂಕು, ಬಾವಿ, ಕಟ್ಟಡ ಕಾಮಗಾರಿಯ ತಿಳಿನೀರಿನಲ್ಲಿ. ಬೇವನ್ನು ಬಳಸೋಣವೆಂದರೆ, ಅದರ ಕೀಟನಾಶಕ ಅಂಶವಾದ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗನೆ ಶಿಥಿಲವಾಗುತ್ತದೆ. ಇನ್ನು ಮನೆಮಂದಿ ಕುಡಿಯುವ ಟ್ಯಾಂಕಿಗೆ ಸೊಪ್ಪಿನ ಕಷಾಯ ಸುರಿಯಲು ಒಪ್ಪುವವರು ಯಾರು? ‘ನೈಸರ್ಗಿಕ’ ಎಂದ ಮಾತ್ರಕ್ಕೆ ನಿರಪಾಯಕಾರಿಯಾಗುವುದಾದರೆ ಕಾಸರಕದ ವಿಷಬೀಜವೂ ನೈಸರ್ಗಿಕವೇ.

ಸೇವಂತಿಗೆಯ ಬಳಗದ ಹೂವಿನಿಂದಲೇ ಪೈರೆಥ್ರಮ್ ಎಂಬ ಕೀಟನಾಶಕ ಬಂತಲ್ಲವೇ ಎಂದು ಕೇಳುವವರಿದ್ದಾರೆ. ಬಂತು. ಆದರೆ ಅದೂ ಬಿಸಿಲಿಗೆ ನಿಲ್ಲಲಿಲ್ಲವೆಂದೇ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಮೈಕೆಲ್ ಎಲಿಯಟ್ ಮತ್ತು ಸಂಗಡಿಗರು ಅದರ ರಚನೆಯನ್ನು ತಿದ್ದಿ, 1973ರಲ್ಲಿ ಪರ್ಮೆಥ್ರಿನ್ ಎಂಬ ಕೃತಕ ರೂಪವನ್ನು ಪ್ರಕಟಿಸಬೇಕಾಯಿತು. ಇಂದು ಸೊಳ್ಳೆಪರದೆಗೆ ಲೇಪಿಸುವ ಆ ವಂಶದ ಔಷಧಗಳನ್ನೂ ಸೊಳ್ಳೆಗಳು ಅರಗಿಸಿಕೊಳ್ಳುತ್ತಿವೆ. ಹೂವಿನ ಮನೆತನವೆಂದು ಅವೇನೂ ರಿಯಾಯಿತಿ ಕೊಡಲಿಲ್ಲ. ಗಿಡದಿಂದ ತೆಗೆದ ಮಲೇರಿಯಾ ಔಷಧ ಆರ್ಟಿಮಿಸಿನಿನ್ನಿಗೆ 2015ರ ನೊಬೆಲ್ ಬಂದದ್ದನ್ನು ಎತ್ತಿಹೇಳುವವರಿಗಂತೂ, ಅದು ಕೊಲ್ಲುವುದು ರಕ್ತದೊಳಗಿನ ರೋಗಾಣುವನ್ನೇ ಹೊರತು ಸೊಳ್ಳೆಯನ್ನಲ್ಲ ಎಂದು ಪ್ರತಿ ಬಾರಿಯೂ ಮೊದಲಿನಿಂದ ಹೇಳಬೇಕು.

ಗಿಡಮೂಲಿಕೆಯ ಸಂಶೋಧನೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದವರು ತೆಂಗಿನೆಣ್ಣೆಯಲ್ಲಿ ಶೇಕಡಾ 2ರಷ್ಟು ಬೇವಿನೆಣ್ಣೆ ಬೆರೆಸಿ ಸ್ವಯಂಸೇವಕರ ಮೈಗೆ ಹಚ್ಚಿ, ಅನಾಫಿಲಿಸ್ ಕಚ್ಚುತ್ತದೆಯೇ ಎಂದು ನೋಡಿ, ಫಲಿತಾಂಶವನ್ನು 1993ರಲ್ಲಿ ಪ್ರಕಟಿಸಿದರು. ನಾನು ಕೇಳುತ್ತಿರುವುದು ಅಷ್ಟೇ: ಲೋಟ ಬಿಟ್ಟು ಹೊರಗೆ ಬನ್ನಿ, ಸರಿಯಾದ ಸೊಳ್ಳೆಯನ್ನು ಹಿಡಿಯಿರಿ.

ಆ ಹುಡುಗಿಗೆ ಬಹುಮಾನ ಕೊಡಲಿಲ್ಲ, ಹಾಸ್ಟೆಲ್ಲಿನ ಟ್ಯಾಂಕು ನೋಡಲು ಹೇಳಿ ಬಂದೆ. ಇಂದು ಬೆಳಿಗ್ಗೆ ಮುಚ್ಚಳ ಸರಿಸಿ ತೆಗೆದ ಚಿತ್ರವೊಂದನ್ನು ಕಳಿಸಿದ್ದಾಳೆ. ಹುಳು ಅಡ್ಡ ಮಲಗಿದೆಯೋ ಓರೆಯಾಗಿದೆಯೋ ಮಸುಕಿನಲ್ಲಿ ತಿಳಿಯುತ್ತಿಲ್ಲ. ಬಿಳಿ ಬಟ್ಟಲಿಗೆ ತೆಗೆದು ಮತ್ತೊಮ್ಮೆ ಕಳಿಸೆಂದು ಬರೆದಿದ್ದೇನೆ.