8 ಪ್ರಶ್ನಾರ್ಥಕದ ಊರು

ನಮ್ಮ ಜಿಲ್ಲೆಯ ಪಿಂಚಣಿ ಪಟ್ಟಿಯನ್ನು ಆನ್‌ಲೈನಿನಲ್ಲಿ ಹಾಕಿದಾಗ ಹೆಸರು, ಊರು ಇದ್ದ ಕಡೆಯೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ ಬಂದಿದ್ದನ್ನು ನೋಡಿ ನೀವೂ ನಕ್ಕಿರುತ್ತೀರಿ. ನನಗಂತೂ ಖುಷಿಯೇ ಆಯಿತು. ಹಾಸನ ಜಿಲ್ಲೆಯಲ್ಲಿ ಹೆಸರು ಕೇಳಿದ ಕೂಡಲೇ ಜಾತಿ ಲೆಕ್ಕ ಹಾಕದ ಜಾಗ ಉಂಟೇ? "????????" ಅನ್ನುವವರು ಯಾವ ಜನ, ಯಾರ ಕಡೆಯವರು, ಹೇಳಿ ನೋಡೋಣ! 12ನೇ ಶತಮಾನದಿಂದ ಬಾಕಿ ಉಳಿದಿದ್ದ ಕೆಲಸವನ್ನು ಒಂದು ಡೇಟಾಬೇಸ್ ಮುಗಿಸಿಕೊಟ್ಟಿದೆ.

ಊರಿನ ಕಾಲಂ ಇನ್ನೂ ಸೊಗಸು. ಯಂತ್ರ ಅಕ್ಷರ, ಗುಣಿತದ ಚಿಹ್ನೆ, ಒತ್ತಿಗೆ ಬೇಕಾದ ಹಲಂತ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿ ತಲಾ ಒಂದು ಪ್ರಶ್ನಾರ್ಥಕ ಹಂಚುತ್ತದೆ. ಅರಕಲಗೂಡಿಗೂ 8, ಸಕಲೇಶಪುರಕ್ಕೂ 8, ಅರಸೀಕೆರೆಗೂ 8. ಘಟ್ಟದ ಮಳೆಗೂ ಅರಸೀಕೆರೆಯ ತೆಂಗಿನ ತೋಟದ ಬರಕ್ಕೂ ಇನ್ನು ಭೇದವಿಲ್ಲ; ಬೆಳೆ ಪರಿಹಾರ ಹಂಚೋದು ಎಷ್ಟು ಸಲೀಸು! ಹೊಳೆನರಸೀಪುರಕ್ಕೆ 11, ಪಕ್ಕದ ಜಿಲ್ಲೆಯ ಚಿಕ್ಕಮಗಳೂರಿಗೂ 11. ಹಾಸನಕ್ಕೆ ಮಾತ್ರ 4. ಜಿಲ್ಲಾ ಕೇಂದ್ರಕ್ಕೆ ಇಷ್ಟೇನಾ ಅಂತ ಯಾರಾದರೂ ಧರಣಿ ಕೂರಬೇಕು.

ಹೀಗಾಗಬೇಕಾದ್ದೇ ಇರಲಿಲ್ಲ. ಲೋಕದ ಲಿಪಿಗಳ ಅಕ್ಷರಕ್ಕೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ ಪಟ್ಟಿಯಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ. ಪುಟ, ಡೇಟಾಬೇಸ್, ನಡುವಿನ ಸಂಪರ್ಕ ಮೂರನ್ನೂ ಆ ಸಂಖ್ಯೆಗಳನ್ನು ಬರೆದಿಡುವ ಯುಟಿಎಫ್-8 ಕ್ರಮಕ್ಕೆ ಇಟ್ಟರೆ ಮುಗೀತು. ಡೇಟಾಬೇಸನ್ನು ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ಹಳೆಯ ಲ್ಯಾಟಿನ್-1ರಲ್ಲೇ ಬಿಟ್ಟರೆ ಅದಕ್ಕೆ ಕನ್ನಡದ ಒಂದಕ್ಷರವೂ ಗೊತ್ತಿಲ್ಲ, ಉಳಿಸುವಾಗಲೇ ಪ್ರಶ್ನಾರ್ಥಕ ಬರೆದುಕೊಳ್ಳುತ್ತದೆ. ಪರದೆ ಮೇಲೆ ಡಬ್ಬಿ ಡಬ್ಬಿ ಕಂಡರೆ ಚಿಂತೆಯಿಲ್ಲ, ಫಾಂಟ್ ಇಲ್ಲ ಅಷ್ಟೇ, ಒಳಗೆ ಅಕ್ಷರ ಕ್ಷೇಮ. ಪ್ರಶ್ನಾರ್ಥಕವಾಗಿಯೇ ಉಳಿದುಬಿಟ್ಟರೆ ಮಾತ್ರ ಮೂಲ ಹೋದಂತೆಯೇ, ಹೊಸದಾಗಿ ಟೈಪ್ ಮಾಡಬೇಕು.

(ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸುಮಾರು ಕ್ರಿ.ಶ. 450ರಲ್ಲಿ ಕಲ್ಲು ಕೆತ್ತಿದವನಿಗೆ ಯಾರೂ ಟೆಂಡರ್ ಕೊಟ್ಟಿರಲಿಕ್ಕಿಲ್ಲ. ಅವನ 16 ಸಾಲು ಇವತ್ತಿಗೂ ಓದಲು ಬರುತ್ತದೆ.)

ಆದರೆ ಹೊಸದಾಗಿ ಟೈಪ್ ಮಾಡೋರು ಯಾರು? ಆಲೂರು ಕಡೆಯ ಅಜ್ಜಿಯೊಬ್ಬರಿಗೆ ಕೌಂಟರಿನಲ್ಲಿ ಸಿಕ್ಕ ಉತ್ತರ ಇದು: "ಸಿಸ್ಟಮ್ಮಲ್ಲಿ ಹಿಂಗೇ ಬಂದೈತೆ ಕಣಜ್ಜಿ. ಈ ಹೆಸರು ನಂದೇ ಅಂತ ಒಂದು ಅಫಿಡವಿಟ್ ಮಾಡಿಸ್ಕಂಡ್ ಬಾ. ಹೆಂಗೂ ಬಸ್ಸು ಫ್ರೀ ಅಲ್ವಾ?"

ಇಲ್ಲಿಗೆ ನನ್ನ ನಗು ನಿಂತಿತು. ಬಸ್ಸು ಫ್ರೀ, ನೋಟರಿ ಫ್ರೀ ಅಲ್ಲ. ಕೆಡಿಸಿದ್ದು ಟೆಂಡರ್ ಹಿಡಿದವರು, ಬಿಲ್ ಪಾಸು ಮಾಡಿದ್ದು ಕಚೇರಿಯವರು, ಮಂಡಿ ನೋವು ಇಟ್ಟುಕೊಂಡು ಮೆಟ್ಟಿಲು ಹತ್ತುವುದು ಅಜ್ಜಿ. ಪಟ್ಟಿ ಹಾಕುವ ಮೊದಲು ಒಬ್ಬರಾದರೂ ಒಂದು ಸಲ ತೆರೆದು ನೋಡಬಾರದಿತ್ತೇ? ತಿಂಗಳ ಔಷಧಿಯ ದುಡ್ಡು ಕಣ್ರೀ ಅದು.

ಅಜ್ಜಿ ಅಫಿಡವಿಟ್ ಮಾಡಿಸಿದರು. ಮೊಮ್ಮಗ ಸ್ಕ್ಯಾನ್ ಮಾಡಿ ಹಾಕಿದ. ತಿರಸ್ಕೃತ. ಫೈಲಿನ ಹೆಸರು ಕನ್ನಡದಲ್ಲಿರುವಂತಿಲ್ಲವಂತೆ.