ಸ್ಟೀಮ್ ಅಂಗಡಿಯ ನೂರಕ್ಕೆ ಮೂವತ್ತು ನ್ಯಾಯವೇ?

ಪರ

ಕಲಬುರಗಿಯ ಸೇಡಂ ರಸ್ತೆಯ ಬಾಡಿಗೆ ಕೋಣೆಯೊಂದರಲ್ಲಿ ಹುಡುಗನೊಬ್ಬ ಗೇಮ್ ಕಟ್ಟುತ್ತಿದ್ದಾನೆ ಎಂದುಕೊಳ್ಳಿ. ಏಪ್ರಿಲ್ ಬಿಸಿಲಿಗೆ ಕಂಪ್ಯೂಟರಿನ ಒಂದು ಬದಿಯ ತಗಡು ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟುಕೊಂಡಿದ್ದಾನೆ. ಪ್ರಕಾಶಕರ ಪರಿಚಯವಿಲ್ಲ, ಜಾಹೀರಾತಿಗೆ ದುಡ್ಡಿಲ್ಲ. ಆದರೂ 100 ಡಾಲರ್ ಕಟ್ಟಿದರೆ, ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಅವನ ಗೇಮಿಗೆ ಜಾಗ ಸಿಗುತ್ತದೆ. ಮಾರಾಟದ ಪ್ರತಿ ನೂರರಲ್ಲಿ ಮೂವತ್ತನ್ನು ಅಂಗಡಿ ಕಮಿಷನ್ ಆಗಿ ಇಟ್ಟುಕೊಳ್ಳುತ್ತದೆ. ಮಾರಾಟ 1,000 ಡಾಲರ್ ಮುಟ್ಟಿದರೆ ಕಟ್ಟಿದ ಆ 100 ಡಾಲರ್ ಮರಳುತ್ತದೆ.

ಹೆಸರೇ ಕೇಳದವನ ಗೇಮನ್ನು ಜನ ಕೊಳ್ಳುವ ಧೈರ್ಯ ಮಾಡುವುದು ಏಕೆ? ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು. ಈ ನಂಬಿಕೆಯನ್ನು ಹುಡುಗ ಒಬ್ಬನೇ ಕಟ್ಟಲಾರ. 2018ರಲ್ಲಿ ಎಪಿಕ್ ಎಂಬ ಎದುರಾಳಿ ಅಂಗಡಿ ಶೇ 12ರ ಕಮಿಷನ್‌ನೊಂದಿಗೆ ಬಂತು, ಗೇಮ್‌ಗಳನ್ನು ಪುಕ್ಕಟೆಯಾಗಿಯೂ ಹಂಚಿತು. ಹಾಗಿದ್ದೂ ಆಟಗಾರರು ಸ್ಟೀಮ್ ಬಿಡಲಿಲ್ಲ. ಅದೇ ವರ್ಷ ಸ್ಟೀಮ್‌ನ ಒಡೆಯ ವಾಲ್ವ್, ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಓಡಿಸುವ ಪ್ರೋಟಾನ್ ಎಂಬ ತಂತ್ರಾಂಶ ತಂದಿತ್ತು. ಇಂಥ ದುಡಿಮೆಯಿಂದ ಗಳಿಸಿದ ಗಿರಾಕಿಯನ್ನು ಕಸಿದುಕೊಂಡ ಗಿರಾಕಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ವಿರೋಧ

ಆ ಹುಡುಗನ ಲೆಕ್ಕವನ್ನೇ ಹಿಡಿಯೋಣ. ತೆರಿಗೆ ಬದಿಗಿಟ್ಟು ನೋಡಿದರೆ, 300 ರೂಪಾಯಿಯ ಗೇಮಿನಲ್ಲಿ ಅಂಗಡಿಗೆ 90, ಅವನಿಗೆ 210. ಒಂದು ಗೇಮಿನ ಗಳಿಕೆ 1 ಕೋಟಿ ಡಾಲರ್ ದಾಟಿದರೆ ಮುಂದಿನ ಮಾರಾಟಕ್ಕೆ ಕಮಿಷನ್ ಶೇ 25, 5 ಕೋಟಿ ದಾಟಿದರೆ ಶೇ 20. ಅಂದರೆ ಪೂರ್ತಿ ಮೂವತ್ತನ್ನು ಕೊಡುವವನು ಬಡವ, ರಿಯಾಯಿತಿ ಪಡೆಯುವವನು ಸಿರಿವಂತ! ಇದನ್ನು ನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಶೇ 12 ಕಮಿಷನ್‌ನ ಅಂಗಡಿಯಲ್ಲಿ ಅದೇ ಗೇಮನ್ನು 240ಕ್ಕೆ ಇಟ್ಟರೂ ಅವನ ಕೈಗೆ 211 ಬರುತ್ತದೆ. ಹಾಗಾದರೆ ಅಲ್ಲಿ ಅಗ್ಗವಾಗಿ ಮಾರಬಾರದೇಕೆ? ಗಂಟು ಇರುವುದು ಇಲ್ಲೇ. ಬೇರೆಡೆ ಬೆಲೆ ಇಳಿಸದಂತೆ ವಾಲ್ವ್ ತಡೆಯುತ್ತದೆ ಎಂದು ಆರೋಪಿಸಿ ವುಲ್ಫೈರ್ ಎಂಬ ಸಣ್ಣ ಗೇಮ್ ಕಂಪನಿ 2021ರಲ್ಲಿ ಅಮೆರಿಕದ ಕೋರ್ಟಿಗೆ ಹೋಯಿತು. ವಾಲ್ವ್ ಇದನ್ನು ಅಲ್ಲಗಳೆದಿದೆ. ಆದರೂ 2024ರ ನವೆಂಬರಿನಲ್ಲಿ ನ್ಯಾಯಾಲಯವು ಇದನ್ನು ಗೇಮ್ ತಯಾರಕರ ಸಾಮೂಹಿಕ ದಾವೆಯಾಗಿ ನಡೆಸಲು ಒಪ್ಪಿತು.

ನಮ್ಮ ಗಂಜ್‌ಗೆ ತೊಗರಿ ತಂದ ರೈತ, ಒಂದು ಅಡತ್ ಅಂಗಡಿಯ ಮಾತು ಹಿಡಿಸದಿದ್ದರೆ ಮುಂದಿನ ಅಂಗಡಿಯಲ್ಲಿ ಚೀಲ ಇಳಿಸುತ್ತಾನೆ. ಅಲ್ಲಿ ಏನು ದರಕ್ಕೆ ಕೊಡಬೇಕೆಂದು ಹಿಂದಿನ ಅಂಗಡಿಯವನು ಹೇಳಿದರೆ ಆತ ಸುಮ್ಮನಿರುತ್ತಾನೆಯೇ? ವುಲ್ಫೈರ್ ಹೇಳುವುದು ನಿಜವಾದರೆ ಎಪಿಕ್ ಎಷ್ಟೇ ಕಮಿಷನ್ ಇಳಿಸಲಿ, ಗಿರಾಕಿಗೆ ಅದು ಕಾಣುವುದೇ ಇಲ್ಲ. ಆ 60 ರೂಪಾಯಿ ಗೇಮ್ ಕೊಳ್ಳುವ ಕಾಲೇಜು ಹುಡುಗರ ಜೇಬಿನಲ್ಲಿ ಉಳಿಯಬೇಕಾಗಿತ್ತು.